ಬರೀ ‘ಡಿಪ್ರೆಶನ್’ ಎಂದು ಬರೆದಿದ್ದರೆ ಯಾವ ಕೋಡ್?

ಪ್ರಶ್ನೆ: ಅಮೆರಿಕದ ಹೊರರೋಗಿಗಳ ಚಾರ್ಟ್ ಕೋಡ್ ಮಾಡುತ್ತೇನೆ, ಅಂದರೆ ವೈದ್ಯರು ಬರೆದ ಕಾಯಿಲೆಗೆ ವಿಮೆಯ ಕ್ಲೇಮಿಗಾಗಿ ಸಂಕೇತ ಹಾಕುತ್ತೇನೆ. ವೈದ್ಯರು ‘ಡಿಪ್ರೆಶನ್’ ಎಂದಷ್ಟೇ ಬರೆದಿದ್ದಾರೆ, ಪಿಎಚ್‌ಕ್ಯೂ-9 (ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ) ಅಂಕ 17. ತೀವ್ರತೆಯನ್ನು ನಾನೇ ಹಾಕಬಹುದೇ?

ಉತ್ತರ: ಹಾಕುವಂತಿಲ್ಲ. ಐಸಿಡಿ-10-ಸಿಎಂ (ಕಾಯಿಲೆಗಳ ಕೋಡ್ ಪಟ್ಟಿಯ ಅಮೆರಿಕದ ಆವೃತ್ತಿ) ಪ್ರಕಾರ ಬರೀ ಡಿಪ್ರೆಶನ್‌ಗೆ ಎಫ್32.ಎ. ಇದು ಜಾರಿಗೆ ಬಂದದ್ದು 2021ರ ಅಕ್ಟೋಬರ್ 1ರಂದು. ಅದಕ್ಕೂ ಮೊದಲು ಇಂಥವೆಲ್ಲ ಎಫ್32.9ಕ್ಕೆ ಹೋಗುತ್ತಿದ್ದವು, ಹಳೇ ರೂಢಿಯಲ್ಲಿ ಈಗಲೂ ಅದನ್ನೇ ಹಾಕುವವರಿದ್ದಾರೆ. ಆದರೆ ಎಫ್32.9 ಎಂದರೆ ಮೇಜರ್ ಡಿಪ್ರೆಸಿವ್ ಡಿಸಾರ್ಡರ್ ಎಂಬ ನಿರ್ದಿಷ್ಟ ರೋಗನಿರ್ಣಯ. ವೈದ್ಯರು ಹೇಳದ ಕಾಯಿಲೆಯನ್ನು ರೋಗಿಯ ದಾಖಲೆಗೆ ಅಂಟಿಸಿದರೆ ಅದು ವಿಮೆಯ ಕಡತದಲ್ಲೂ ಉಳಿದುಬಿಡುತ್ತದೆ.

ಇನ್ನು 17ರ ಮಾತು. ಪಿಎಚ್‌ಕ್ಯೂ-9ರಲ್ಲಿ 15ರಿಂದ 19 ಅಂದರೆ ಮಧ್ಯಮಕ್ಕಿಂತ ಮೇಲೆ, ತೀವ್ರಕ್ಕಿಂತ ಕೆಳಗೆ. ಐಸಿಡಿಯಲ್ಲಿ ಆ ಮೆಟ್ಟಿಲೇ ಇಲ್ಲ: ಎಫ್32.1 ಮಧ್ಯಮ, ಎಫ್32.2 ತೀವ್ರ. ಯಾವುದು ಎಂದು ನಿರ್ಧರಿಸಬೇಕಾದವರು ವೈದ್ಯರೇ. ಅವರಿಗೆ ಕ್ವೆರಿ (ಸ್ಪಷ್ಟನೆ ಕೇಳುವ ಪ್ರಶ್ನೆ) ಕಳಿಸಿ. ‘ತೀವ್ರ ಎಂದು ಹಾಕಲೇ?’ ಎಂದು ಕೇಳಬೇಡಿ, ಅದು ಉತ್ತರವನ್ನು ಬಾಯಿಗೆ ತುರುಕಿದ ಹಾಗೆ. ಅಂಕ, ಲಕ್ಷಣ, ಔಷಧಿ ತೋರಿಸಿ, ಡಿಪ್ರೆಶನ್ನಿನ ಬಗೆ, ಮೊದಲ ಸಲವೋ ಮರುಕಳಿಸಿದ್ದೋ, ತೀವ್ರತೆ ಎಷ್ಟು ಎಂದು ಕೇಳಿ. ಆಯ್ಕೆಗಳಲ್ಲಿ ‘ಇತರೆ’, ‘ಹೇಳಲಾಗದು’ ಇರಲೇಬೇಕು. ‘ಮೇಜರ್ ಡಿಪ್ರೆಸಿವ್ ಡಿಸಾರ್ಡರ್, ಮರುಕಳಿಸಿದ್ದು, ಮಧ್ಯಮ, ಸರ್ಟ್ರಾಲಿನ್ 50 ಮಿಗ್ರಾಂ ಮುಂದುವರಿಕೆ’ ಎಂಬ ಒಂದು ಸಾಲು ಸಿಕ್ಕರೆ ಸಾಕು, ಎಫ್33.1 ನಿಸ್ಸಂಶಯ. ಮರುಕಳಿಸಿದ್ದು ಎನ್ನಲು ಎರಡು ಎಪಿಸೋಡ್‌ಗಳ ನಡುವೆ ಕನಿಷ್ಠ ಎರಡು ತಿಂಗಳ ಬಿಡುವು ಇರಬೇಕು ಎಂಬುದು ವೈದ್ಯರ ನೆನಪಿನಲ್ಲಿರಲಿ.

ಪ್ರಶ್ನೆ: ‘ಡಿಪ್ರೆಶನ್, ಆಂಗ್ಸೈಟಿ’ ಎರಡೂ ಇದ್ದರೆ ಎಫ್41.8 ಸಾಕೇ?

ಉತ್ತರ: ಬೇರೆ ಬೇರೆ ರೋಗನಿರ್ಣಯವಾಗಿ ಬರೆದಿದ್ದರೆ ಎರಡು ಕೋಡ್: ಡಿಪ್ರೆಶನ್ನಿಗೆ ಎಫ್32.ಎ, ಆಂಗ್ಸೈಟಿಗೆ ಎಫ್41.9. ಎರಡೂ ಬೆರೆತ ಒಂದೇ ಕಾಯಿಲೆ ಎಂದು ವೈದ್ಯರೇ ಬರೆದಾಗ ಮಾತ್ರ ಎಫ್41.8. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10ರಲ್ಲಿ ಇದಕ್ಕಿರುವ ಎಫ್41.2 ಅಮೆರಿಕದ ಆವೃತ್ತಿಯಲ್ಲಿ ಇಲ್ಲ. ಹಾಕಿದರೆ ಕ್ಲೇಮ್ ವಾಪಸ್ ಬರುತ್ತದೆ.

ಪ್ರಶ್ನೆ: ‘ರೂಲ್ ಔಟ್ ಜಿಎಡಿ’ (ಜನರಲೈಸ್ಡ್ ಆಂಗ್ಸೈಟಿ ಡಿಸಾರ್ಡರ್ ಇರಬಹುದೆಂಬ ಶಂಕೆ, ಇನ್ನೂ ಖಚಿತವಿಲ್ಲ) ಎಂದಿದ್ದರೆ ಅದರ ಕೋಡ್ ಎಫ್41.1 ಹಾಕಬಹುದೇ?

ಉತ್ತರ: ಹೊರರೋಗಿಗೆ ಬೇಡ. ದಾಖಲಾದ ಲಕ್ಷಣಗಳನ್ನಷ್ಟೇ ಕೋಡ್ ಮಾಡಿ.

ಪ್ರಶ್ನೆ: ‘ಹಿಸ್ಟರಿ ಆಫ್ ಡಿಪ್ರೆಶನ್’ ಎಂದಿದೆ, ಮಾತ್ರೆ ಮಾತ್ರ ನಡೆಯುತ್ತಿದೆ.

ಉತ್ತರ: ಮಾತ್ರೆ ನಡೆಯುತ್ತಿರುವಾಗ ಝಡ್86.59 ಹಾಕಲು ಅವಸರ ಬೇಡ. ಅದು ಮುಗಿದುಹೋದ ಕಾಯಿಲೆಗೆ. ಚಿಕಿತ್ಸೆಯಿಂದ ಹತೋಟಿಯಲ್ಲಿದ್ದರೆ ರೆಮಿಶನ್ (ಲಕ್ಷಣಗಳು ಇಳಿದ ಸ್ಥಿತಿ) ಇರಬಹುದು. ಆದರೆ ಎಫ್32.5 (ಒಂದೇ ಸಲದ್ದು) ಆಗಲಿ ಎಫ್33.42 (ಮರುಕಳಿಸಿದ್ದು) ಆಗಲಿ, ಪೂರ್ಣ ರೆಮಿಶನ್ ಎಂದು ವೈದ್ಯರು ಬರೆದ ಮೇಲೆಯೇ. ಇಲ್ಲೂ ಕ್ವೆರಿ ಕಳಿಸಿ.