ಫ್ರಿಜ್ಜಿನ ಮೇಲಿದ್ದ ಮಾತ್ರೆಗಳು

(ಇಬ್ಬರ ಒಪ್ಪಿಗೆ ಪಡೆದು, ಗುರುತಿನ ವಿವರಗಳನ್ನು ಬದಲಿಸಿ ಬರೆದದ್ದು.)

ಲೆಕ್ಕಪತ್ರ ವಿಭಾಗದಲ್ಲಿ ನೌಕರಿಯಲ್ಲಿರುವ, ನಲವತ್ತು ದಾಟಿದ ಈ ಸಲಹಾರ್ಥಿಗೆ ತಮ್ಮ ಮೇಲೆಯೇ ತಡೆಯಲಾರದ ಸಿಟ್ಟಿತ್ತು. ಪತ್ನಿ ಎಂಟು ತಿಂಗಳಿಂದ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವ ವಿಷಯ ಅವರಿಗೆ ತಿಳಿದದ್ದು ಪತ್ನಿಯ ತಂಗಿಯ ಬಾಯಿಂದ. ಮಾತ್ರೆಗಳು ಬೀರುವಿನೊಳಗೇನೂ ಇರಲಿಲ್ಲ; ಫ್ರಿಜ್ಜಿನ ಮೇಲೆ, ಕೀಲಿಕೈ ಹಾಕುವ ಸ್ಟೀಲಿನ ಬಟ್ಟಲಿನಲ್ಲಿದ್ದವು. ದಿನವೂ ಬೈಕಿನ ಕೀಲಿ ತೆಗೆಯುವಾಗ ಇವರೇ ಆ ಹಾಳೆಯನ್ನು ಬೆರಳಿನಿಂದ ಬದಿಗೆ ಸರಿಸುತ್ತಿದ್ದರು. “ಅಮ್ಮನ ಬಿಪಿ ಮಾತ್ರೆ ಅಂದುಕೊಂಡಿದ್ದೆ” ಎಂದರು.

ಪತ್ತೇದಾರಿ ಕಥೆಗಳ ಹುಚ್ಚಿದ್ದ ಅವರು, ಎಡ್ಗರ್ ಅಲನ್ ಪೋ 1844ರಲ್ಲಿ ಪ್ರಕಟಿಸಿದ, ಕಳುವಾದ ಪತ್ರದ ಕಥೆಯನ್ನು ತಾವಾಗಿಯೇ ಎತ್ತಿದರು. ಪ್ಯಾರಿಸ್ಸಿನ ಪೊಲೀಸರು, ಪತ್ರ ಕದ್ದ ಮಂತ್ರಿಯ ಮನೆಯ ಮೆತ್ತೆಗಳಿಗೆ ಸೂಜಿ ಚುಚ್ಚಿ, ಕುರ್ಚಿಗಳ ಸಂದುಗಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದರೂ ಸಿಗದ ಪತ್ರ, ಬಂದವರಿಗೆಲ್ಲ ಕಾಣುವಂತೆ ತೂಗುಹಾಕಿದ ರಟ್ಟಿನ ಗೂಡಿನಲ್ಲಿಯೇ ಇತ್ತು. “ಆ ಪೊಲೀಸರಿಗಿಂತ ನಾನು ದಡ್ಡ.”

ದಡ್ಡತನದ ಮಾತನ್ನು ನಾನು ಒಪ್ಪಲಿಲ್ಲ. ಸೈಮನ್ಸ್ ಮತ್ತು ಶಾಬ್ರಿ ಎಂಬ ಮನೋವಿಜ್ಞಾನಿಗಳು 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿಡಿಯೊದಲ್ಲಿ ಚೆಂಡು ಎಷ್ಟು ಬಾರಿ ಕೈ ಬದಲಾಯಿಸಿತೆಂದು ಎಣಿಸುತ್ತಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ, ನಡುವೆ ಹಾದುಹೋದ ಗೊರಿಲ್ಲಾ ವೇಷಧಾರಿ ಕಾಣಲೇ ಇಲ್ಲ. ಕೀಲಿ ಹುಡುಕುವವನ ಕಣ್ಣಿಗೆ ಕೀಲಿಯೇ ಕಾಣುತ್ತದೆ. ಈ ಮಾತು ಅವರಿಗೆ ಸಮಾಧಾನ ಕೊಟ್ಟಿತು. ಅಗತ್ಯಕ್ಕಿಂತ ತುಸು ಹೆಚ್ಚೇ ಕೊಟ್ಟಿತೇನೋ. ನಾನೂ ಮೊದಲ ಭೇಟಿಯಲ್ಲಿ ಅವರ ದಡ್ಡತನದ ಚರ್ಚೆಯಲ್ಲೇ ಮುಳುಗಿ, ಪತ್ನಿ ಈಗ ಹೇಗಿದ್ದಾರೆ ಎಂದು ಕೇಳಿದ್ದು ಕೊನೆಗೆ.

ಎರಡನೆಯ ಭೇಟಿಯಲ್ಲಿ ನಿಜವಾದ ತೊಡಕು ಹೊರಬಿತ್ತು. ಇನ್ನೂ ಏನೇನು ತಪ್ಪಿಸಿಕೊಂಡಿದೆಯೋ ಎಂಬ ಭಯದಿಂದ ಅವರು ಪತ್ನಿಯ ಕೈಚೀಲ, ಮೊಬೈಲು, ಹಳೆಯ ಡೈರಿಗಳನ್ನು ಗುಟ್ಟಾಗಿ ಶೋಧಿಸತೊಡಗಿದ್ದರು. ಇದು ಮತ್ತೆ ಮೆತ್ತೆಗೆ ಸೂಜಿ ಚುಚ್ಚುವ ಕೆಲಸವೇ, ಹೇಳಬೇಕಾದವರು ಎದುರಿಗೇ ಇರುವಾಗ ಅವರನ್ನೇ ಕೇಳಿ ಎಂದೆ. ಶೋಧಿಸಿದ್ದನ್ನು ಮೊದಲು ಒಪ್ಪಿಕೊಳ್ಳಬೇಕೆಂದೂ, ಕೇಳುವಾಗ “ನನಗೇಕೆ ಹೇಳಲಿಲ್ಲ?” ಎಂಬಲ್ಲಿಂದ ಆರಂಭಿಸಬಾರದೆಂದೂ ಸೂಚಿಸಿದೆ.

ಮೂರನೆಯ ಭೇಟಿಗೆ ಪತ್ನಿಯೂ ಬಂದಿದ್ದರು. “ಮುಚ್ಚಿಡಬೇಕು ಅಂತಿದ್ದರೆ ಬೀರುವಿನಲ್ಲಿ ಇಡ್ತಿರಲಿಲ್ವೇ? ಇವರು ಕೇಳಲಿ ಅಂತಲೇ ಅಲ್ಲಿಟ್ಟೆ” ಎಂದರು. ಕಥೆಯ ಮಂತ್ರಿಗೂ ಇವರಿಗೂ ಇದ್ದ ಈ ವ್ಯತ್ಯಾಸ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಪತ್ನಿ ಒಪ್ಪಿದರೆ ಮನೋವೈದ್ಯರ ಮುಂದಿನ ಭೇಟಿಗೆ ಜೊತೆಯಲ್ಲಿ ಹೋಗಬಹುದೆಂದೂ, ಮಾತ್ರೆಗಳನ್ನು ದಿನವೂ ಎಣಿಸುವ ಹೊಸ ಲೆಕ್ಕ ಮಾತ್ರ ಶುರುಮಾಡಬಾರದೆಂದೂ ಸಲಹೆ ನೀಡಿದೆ.