ಒಂದು ಕಿಡ್ನಿ, ಇಬ್ಬರು ಮಕ್ಕಳು, ಬಲಗಡೆ ಬಿದ್ದ ಹೂ

ಗುರುತು ಸಿಗದಂತೆ ಊರು, ಉದ್ಯೋಗ, ವಯಸ್ಸುಗಳನ್ನು ಬದಲಿಸಲಾಗಿದೆ. ಪ್ರಕಟಣೆಗೆ ಕುಟುಂಬದವರ ಒಪ್ಪಿಗೆ ಇದೆ.

ಮನೆಯ ಸ್ಥಿತಿ

ತಾಯಿಗೆ 64 ವರ್ಷ, ಮಲೆನಾಡಿನ ಕಡೆಯವರು. ಗಂಡ ತೀರಿಕೊಂಡಿದ್ದು ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆಯಿಂದ. ಎರಡೂ ಕಿಡ್ನಿಯ ತುಂಬ ನೀರುಗುಳ್ಳೆ ಎದ್ದು, ವರ್ಷಗಳು ಕಳೆದಂತೆ ಅವು ಕೆಲಸ ನಿಲ್ಲಿಸುತ್ತವೆ. ಅಪ್ಪ ಅಥವಾ ಅಮ್ಮನಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ 50. ಈ ಮನೆಯಲ್ಲಿ ಇಬ್ಬರು ಮಕ್ಕಳಿಗೂ ಬಂದಿದೆ. ಮಗಳಿಗೆ 45 ವರ್ಷ. ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ಸಾಮರ್ಥ್ಯದ ಅಳತೆ) 14ಕ್ಕೆ ಇಳಿದಿದೆ, ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ. ಮಗನಿಗೆ 41, ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಡಯಾಲಿಸಿಸ್ ಸೂಜಿಗೆಂದು ಕೈಯ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ ಎರಡು ಸಲ ಮುಚ್ಚಿಹೋಗಿ, ಈಗ ಕುತ್ತಿಗೆ ಹತ್ತಿರ ಹಾಕಿದ ಕೊಳವೆ, ಅಂದರೆ ಕ್ಯಾತಿಟರ್‌ನಲ್ಲೇ ನಡೆಯುತ್ತಿದೆ. ಅದಕ್ಕೆ ಸೋಂಕು ತಗುಲಿ ಚಳಿಜ್ವರದಲ್ಲಿ ಅಡ್ಮಿಟ್ ಆಗಿದ್ದೂ ಆಯಿತು.

ತಾಯಿಯ ರಕ್ತದ ಗುಂಪು ಬಿ, ಮಗನದೂ ಬಿ, ಮಗಳದು ಎಬಿ. ತಾಯಿಯ ಕಿಡ್ನಿ ಇಬ್ಬರಿಗೂ ಹೊಂದುತ್ತದೆ. ಕ್ರಾಸ್‌ಮ್ಯಾಚ್ ಎರಡೂ ನೆಗೆಟಿವ್ ಬಂತು, ಅಂದರೆ ತಾಯಿಯ ಕಿಡ್ನಿಯನ್ನು ಮಕ್ಕಳ ರಕ್ತ ತಕ್ಷಣ ತಿರಸ್ಕರಿಸುವ ಸೂಚನೆ ಇಲ್ಲ. ಲ್ಯಾಬ್ ಈ ಮನೆಯ ತೊಡಕನ್ನು ಬಿಡಿಸಿಕೊಡಲಿಲ್ಲ.

ಮಗಳು ದೈವಭಕ್ತೆ. ಸೋಮವಾರ ಒಪ್ಪತ್ತು, ವರ್ಷಕ್ಕೊಮ್ಮೆ ಧರ್ಮಸ್ಥಳ, ಮನೆದೇವರ ಉತ್ಸವ ಯಾವುದನ್ನೂ ತಪ್ಪಿಸಿದವರಲ್ಲ. ಮಗ ಕಾಲೇಜಿನ ದಿನಗಳಿಂದಲೂ ದೇವರಿಲ್ಲ ಎನ್ನುವವರು. ಅಪ್ಪನ ತಿಥಿಗೆ ಕೂರುವುದನ್ನೂ ಬಿಟ್ಟಿದ್ದಾರೆ. ಅಕ್ಕನಿಗೆ ತಮ್ಮನ ಮೇಲಿರುವ ಸಿಟ್ಟಿನ ಬೇರು ಇದೇ, ಕಿಡ್ನಿಯಲ್ಲ.

ತಾಯಿ, ಮಗಳು, ಬೀಗಿತ್ತಿ (ಮಗಳ ಅತ್ತೆ) ಮೂವರೂ ಮನೆದೇವರ ಗುಡಿಗೆ ಹೋಗಿ ಹೂ ಕೇಳಿದರು. ಬಲಗಡೆ ಬಿತ್ತು. ಮಗಳಿಗೇ ಕೊಡುವುದೆಂದು ತೀರ್ಮಾನವಾಯಿತು. ವಿಷಯ ಗೊತ್ತಾದ ಮಗ, “ಹೂ ಬಿದ್ದ ಕಡೆ ಕಿಡ್ನಿ ಹೋಗೋದಾದ್ರೆ ಅಂಥ ಕಿಡ್ನಿ ನನಗೆ ಬೇಡವೇ ಬೇಡ” ಎಂದರು. ಆದರೆ ಅವರ ಲ್ಯಾಪ್‌ಟಾಪಿನಲ್ಲೂ ಒಂದು ಎಕ್ಸೆಲ್ ಹಾಳೆ ಇತ್ತು: ಇಬ್ಬರ ವಯಸ್ಸು, ಮಕ್ಕಳ ವಯಸ್ಸು, ಸಂಬಳ, ಮನೆಸಾಲ, ಕಸಿಯಾದರೆ ಬದುಕಬಹುದಾದ ವರ್ಷ. ಕೊನೆಯ ಸಾಲಿನಲ್ಲಿ ಅವರದೇ ಅಂಕ ಹೆಚ್ಚು.

ಕಸಿ ವೈದ್ಯರು ತಾಯಿಯನ್ನು ಆಪ್ತಸಲಹೆಗೆ ಕಳಿಸಿದ್ದು ಈ ಹಂತದಲ್ಲಿ.

ತಾಯಿಯೊಬ್ಬರೇ ಇದ್ದಾಗ

ದಾನಿಯನ್ನು ಒಬ್ಬರನ್ನೇ ಕೂರಿಸಿ ಮಾತನಾಡಿಸುವುದು ಮೊದಲ ನಿಯಮ. ಕಿಡ್ನಿ ಪಡೆಯುವವರ ಪರ ನಿಂತು ಮಾತಾಡುವವರೇ ದಾನಿಯ ಸಲಹೆಗಾರರೂ ಆಗಬಾರದು. 2014ರ ಅಂಗಾಂಗ ಕಸಿ ನಿಯಮಗಳಲ್ಲಿ ಮಹಿಳಾ ದಾನಿಯ ಬಗ್ಗೆ ಪ್ರತ್ಯೇಕ ಎಚ್ಚರಿಕೆಯೇ ಇದೆ: ಆಕೆಯ ಗುರುತನ್ನೂ ಸ್ವಂತ ಒಪ್ಪಿಗೆಯನ್ನೂ ಕಿಡ್ನಿ ಪಡೆಯುವವರಲ್ಲದ ಬೇರೊಬ್ಬರು ಖಚಿತಪಡಿಸಬೇಕು. ಸುಮ್ಮನೆ ಬರೆದದ್ದಲ್ಲ. ನಮ್ಮಲ್ಲಿ ಬದುಕಿರುವಾಗಲೇ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು.

“ಯಾರಿಗೆ ಕೊಡ್ತೀರಿ” ಎಂದು ಶುರುಮಾಡಿದರೆ ಕೆಟ್ಟಿತು. ಆಕೆ ಕೊಡುವುದು ಖಚಿತ ಎಂದು ನಾವೇ ಒಪ್ಪಿದಂತಾಗುತ್ತದೆ. ಕೇಳಿದ್ದು ಹೀಗೆ: ಕಾಯಿಲೆ ಇಬ್ಬರಿಗಲ್ಲ, ಒಬ್ಬರಿಗೆ ಮಾತ್ರ ಇತ್ತು ಅಂದುಕೊಳ್ಳಿ, ಆಗ ಕೊಡುತ್ತಿದ್ದಿರಾ? “ಅದಕ್ಕೇನು ಕೇಳ್ತೀರಿ ಮೇಡಂ, ಅವತ್ತೇ ಕೊಡ್ತಿದ್ದೆ” ಎಂದರು. ತಡವರಿಸಲಿಲ್ಲ. ಕೊಡುವ ಇಚ್ಛೆ ಅವರದೇ, ಒತ್ತಡ ಇರುವುದು ಆಯ್ಕೆಯಲ್ಲಿ ಮಾತ್ರ ಎಂಬುದು ಅಲ್ಲಿಗೆ ತಿಳಿಯಿತು.

ಆಮೇಲೆ ಹೂವಿನ ಮಾತು. ಹೂ ಕೇಳುವುದನ್ನು ಸಲಹೆಗಾರರು ನಗೆಗೀಡು ಮಾಡಬಾರದು, ಅದಕ್ಕೆ ಮೊಹರು ಒತ್ತಲೂ ಬಾರದು. ದೇವರ ಮುಂದೆ ಇಟ್ಟ ಪ್ರಶ್ನೆ ಯಾವುದು ಎಂದು ಕೇಳಬಹುದು, ಕೇಳಲೇಬೇಕು.

“ಏನಂತ ಕೇಳ್ಕೊಂಡ್ರಿ ಅಮ್ಮ?”

“ಮಗಳಿಗೆ ಕೊಟ್ರೆ ಒಳ್ಳೇದಾಗುತ್ತಾ ಅಂತ.”

“ಮಗನಿಗೆ ಕೊಟ್ರೆ ಅಂತ?”

“ಅದು ಕೇಳ್ಲಿಲ್ಲ.”

“ಮಗಳಿಗೆ ಅಂತ ಕೇಳೋಣ ಅಂದವರು ಯಾರು?”

ಸ್ವಲ್ಪ ಹೊತ್ತು ಬಿಟ್ಟು, “ಬೀಗಿತ್ತಿ” ಎಂದರು.

ಈ ಪ್ರಕರಣದ ತಿರುಳು ಈ ನಾಲ್ಕು ಮಾತಿನಲ್ಲಿದೆ. ಅರ್ಧ ಪ್ರಶ್ನೆಯನ್ನಷ್ಟೇ ದೇವರ ಮುಂದಿಟ್ಟಿದ್ದರು. ಅದನ್ನು ಹೊಂದಿಸಿಕೊಟ್ಟವರಿಗೆ ಅದರಲ್ಲಿ ಲಾಭವಿತ್ತು. ಎಬಿ ಗುಂಪಿನ ಮಗಳು ಯಾವ ರಕ್ತದ ಗುಂಪಿನವರಿಂದ ಬೇಕಾದರೂ ಕಿಡ್ನಿ ಪಡೆಯಬಹುದು. ಕಾನೂನಿನ ಪ್ರಕಾರ ಗಂಡ ಹತ್ತಿರದ ಸಂಬಂಧಿ. ಆದರೂ ಅಳಿಯನ ರಕ್ತದ ಗುಂಪು ಯಾವುದೆಂದು ಯಾರೂ ಕೇಳಿರಲಿಲ್ಲ. ತಾಯಿ ಇಬ್ಬರಲ್ಲಿ ಯಾರನ್ನು ಉಳಿಸಬೇಕು ಎಂದು ಮನೆಯವರೆಲ್ಲ ತಲೆಕೆಡಿಸಿಕೊಂಡು ಕೂತಿದ್ದಾಗ, ಎಣಿಕೆಯಿಂದ ಒಬ್ಬರು ಮೆಲ್ಲಗೆ ಜಾರಿಕೊಂಡಿದ್ದರು. ಮಗನ ಎಕ್ಸೆಲ್ ಹಾಳೆಯಲ್ಲೂ ಭಾವನ ಹೆಸರಿಲ್ಲ. ಲೆಕ್ಕ ಮಾಡುವವರ ಕಣ್ಣಿಗೂ ಅದು ಬಿದ್ದಿರಲಿಲ್ಲ ಎಂಬುದು ಸೋಜಿಗ.

ಹೂವಾಗಲಿ ಹಾಳೆಯಾಗಲಿ, ಎರಡೂ ಈ ಮನೆಯಲ್ಲಿ ಮಾಡಿದ್ದು ಒಂದೇ ಕೆಲಸ: “ತೀರ್ಮಾನ ನಮ್ಮದಲ್ಲ” ಎಂದು ಹೇಳಿಕೊಳ್ಳಲು ಅವಕಾಶ ಕೊಟ್ಟಿದ್ದು. ಮಗನಿಗೆ ಈ ಮಾತು ಹೇಳಿದಾಗ ಅವರಿಗೆ ಹಿಡಿಸಲಿಲ್ಲ.

ತಾಯಿಯ ಮನಸ್ಸಿನಲ್ಲಿ ಇನ್ನೂ ಎರಡು ಭಯಗಳಿದ್ದವು. ಗಂಡನನ್ನು ತಿಂದ ಕಾಯಿಲೆ ತನ್ನ ಕಿಡ್ನಿಯನ್ನೂ ಮಕ್ಕಳ ಮೈಯಲ್ಲಿ ತಿಂದುಹಾಕುತ್ತದೆ ಎಂಬುದು ಒಂದು. ಹಾಗಾಗುವುದಿಲ್ಲ, ದೋಷ ಇರುವುದು ಅವರ ಸ್ವಂತ ಜೀವಕೋಶಗಳ ಜೀನ್‌ನಲ್ಲಿ, ಕಸಿ ಮಾಡಿದ ಕಿಡ್ನಿಗೆ ಅದು ಹರಡದು. ಇನ್ನೊಂದನ್ನು ಬಾಯಿಬಿಟ್ಟು ಹೇಳಲು ಎರಡನೇ ಭೇಟಿ ಬೇಕಾಯಿತು: “ಅವನು ಬದುಕಿದ್ರೂ ನನ್ನ ಕರ್ಮ ಮಾಡಲ್ಲ. ಅವನು ಹೋದ್ರೆ ಮಾಡೋರೇ ಇಲ್ಲ.” ಮಗನಿಂದ ತಿಥಿ ಮಾಡುತ್ತೇನೆಂದು ಮಾತು ತೆಗೆದುಕೊಂಡು ಕಿಡ್ನಿ ಕೊಡಬೇಕೆಂಬ ಯೋಚನೆ ಅವರಿಗಿತ್ತು.

ಕೊಟ್ಟ ಸಲಹೆ

ತಾಯಿಗೆ: ಆಯ್ಕೆ ಆಮೇಲೆ, ಮೊದಲು ನಿಮ್ಮ ಪರೀಕ್ಷೆ ಮುಗಿಯಲಿ. ದಾನಿಯಾಗಲು ಆಗದಿದ್ದರೆ ಈ ಜಗಳಕ್ಕೇ ಅರ್ಥವಿಲ್ಲ. ಬಿಪಿ, ಗ್ಲೂಕೋಸ್ ಕುಡಿಸಿ ನೋಡುವ ಸಕ್ಕರೆ ಪರೀಕ್ಷೆ, 24 ಗಂಟೆಯ ಮೂತ್ರದಲ್ಲಿ ಪ್ರೋಟೀನ್, ಎರಡು ಕಿಡ್ನಿಯೂ ಎಷ್ಟೆಷ್ಟು ಕೆಲಸ ಮಾಡುತ್ತಿವೆ ಎಂದು ತೋರಿಸುವ ಡಿಟಿಪಿಎ ಸ್ಕ್ಯಾನ್, ರಕ್ತನಾಳಗಳ ಸಿಟಿ ಆಂಜಿಯೋ, ಹೃದಯದ ಪರೀಕ್ಷೆ, ಈ ವಯಸ್ಸಿನವರಿಗೆ ಮ್ಯಾಮೋಗ್ರಾಂ ಮತ್ತು ಪ್ಯಾಪ್ ಸ್ಮಿಯರ್, ಮನೋವೈದ್ಯರ ಭೇಟಿ. ಎರಡರಲ್ಲಿ ಹೆಚ್ಚು ಚೆನ್ನಾಗಿರುವ ಕಿಡ್ನಿ ದಾನಿಗೇ ಉಳಿಯಬೇಕು ಎಂಬುದು ಶಸ್ತ್ರಚಿಕಿತ್ಸಕರ ನಿಯಮ.

ಇಲ್ಲೊಂದು ವಿಷಯ ಹೊರಬಂತು. ತಾಯಿ ಮದುವೆಯಾದದ್ದು ಸೋದರಮಾವನನ್ನು. ನಮ್ಮ ಕಡೆ ಸಾಮಾನ್ಯ, ಆದರೆ ಈ ಕಾಯಿಲೆಯಲ್ಲಿ ಅದನ್ನು ಕೇಳದೆ ಮುಂದುವರಿದರೆ ಅಪಾಯ. ಗಂಡನಿಗಿದ್ದ ಜೀನ್ ಆತನ ಅಕ್ಕನಿಗೂ, ಅಂದರೆ ಈ ತಾಯಿಯ ತಾಯಿಗೂ, ಅಲ್ಲಿಂದ ಇವರಿಗೂ ಬಂದಿರಬಹುದು. “ಅಪ್ಪನ ಕಡೆಯ ಕಾಯಿಲೆ, ಅಮ್ಮ ಸುರಕ್ಷಿತ” ಎಂಬ ಊಹೆ ಸೋದರ ಸಂಬಂಧದ ಮದುವೆಗಳಲ್ಲಿ ನಿಲ್ಲದು. 40 ದಾಟಿದವರಲ್ಲಿ ಸ್ಕ್ಯಾನಿನಲ್ಲಿ ಎರಡಕ್ಕಿಂತ ಕಡಿಮೆ ನೀರುಗುಳ್ಳೆ ಇದ್ದರೆ ಕಾಯಿಲೆ ಇಲ್ಲವೆಂದು ಹೇಳಬಹುದು. ಇವರಿಗೆ ಒಂದೂ ಇರಲಿಲ್ಲ.

ಜೀನ್ ಬಂದಿರಬಹುದೆಂಬ ಇದೇ ಕಾರಣಕ್ಕೆ, ಮಗಳ 21 ವರ್ಷದ ಮಗ “ಅಮ್ಮನಿಗೆ ನಾನು ಕೊಡ್ತೀನಿ” ಎಂದು ಮುಂದೆ ಬಂದಾಗ ಬೇಡವೆನ್ನಬೇಕಾಯಿತು. ಆ ವಯಸ್ಸಿನಲ್ಲಿ ಸ್ಕ್ಯಾನ್ ಚೆನ್ನಾಗಿದ್ದರೂ ಮುಂದೆ ಕಾಯಿಲೆ ಕಾಣಿಸಿಕೊಳ್ಳಬಹುದು. ಜೀನ್ ಪರೀಕ್ಷೆ ಇಲ್ಲದೆ ಯಾವ ಕಸಿ ತಂಡವೂ ಮುಟ್ಟಬಾರದು. ಹುಡುಗನಿಗೆ ಆ ಪರೀಕ್ಷೆ ಬೇಕೋ ಬೇಡವೋ ಎಂಬುದೂ ಬೇರೆಯೇ ಸಮಾಲೋಚನೆ. ಅದನ್ನು ಈ ಗಡಿಬಿಡಿಯಲ್ಲಿ ಮಾಡುವಂತಿಲ್ಲ.

ಎರಡನೆಯದು: ಬೇಡವೆನಿಸಿದರೆ ಅರಿವಳಿಕೆ ಕೊಡುವ ಕ್ಷಣದವರೆಗೂ ಹಿಂದೆ ಸರಿಯಬಹುದು. ಆಗ ಆಸ್ಪತ್ರೆ ಮನೆಯವರಿಗೆ ಹೇಳುವುದು “ದಾನಿಯಾಗಿ ಇವರು ಅರ್ಹರಲ್ಲ” ಎಂಬ ಒಂದೇ ಮಾತು. ಕಾರಣ ಹೇಳುವುದಿಲ್ಲ. ಸುಳ್ಳು ರಿಪೋರ್ಟ್ ಮಾಡಿಕೊಡುವುದೂ ಇಲ್ಲ. ಈ ಬಾಗಿಲು ಇದೆ ಎಂದು ದಾನಿಗೆ ಮೊದಲೇ ಗೊತ್ತಿರಬೇಕು. ಆಪರೇಷನ್ನಿನ ಹಿಂದಿನ ದಿನ ಹೇಳಿದರೆ ಪ್ರಯೋಜನವಿಲ್ಲ.

ಮೂರನೆಯದು ಆಯ್ಕೆಯದು. ವೈದ್ಯರಾಗಲಿ ಸಲಹೆಗಾರರಾಗಲಿ ಇಂಥವರಿಗೇ ಕೊಡಿ ಎಂದು ಹೇಳುವಂತಿಲ್ಲ. ಆದರೆ ಯೋಚಿಸಲು ಬೇಕಾದ ಸಂಗತಿಗಳನ್ನು ಮುಂದಿಡಬಹುದು. ಇಬ್ಬರಲ್ಲಿ ಯಾರು ಕಾಯಬಲ್ಲರು? ಯಾರಿಗೆ ಬೇರೆ ದಾರಿ ಇದೆ? ಮಗನಿಗೆ ಡಯಾಲಿಸಿಸ್‌ಗೆ ರಕ್ತನಾಳದ ದಾರಿಯೇ ಮುಚ್ಚುತ್ತಿದೆ. ಬಿ ಅಥವಾ ಓ ಗುಂಪಿನ ದಾನಿ ಮಾತ್ರ ಆಗುತ್ತಾರೆ. ಮಗಳ ಕಿಡ್ನಿ ಇನ್ನೂ ಸ್ವಲ್ಪ ಕೆಲಸ ಮಾಡುತ್ತಿದೆ; ಡಯಾಲಿಸಿಸ್‌ಗೆ ಮುಂಚೆಯೇ ಕಸಿಯಾದರೆ ಆಕೆಗೆ ಒಳ್ಳೆಯದು ಎಂಬುದೂ ನಿಜ, ಆದರೆ ದಾನಿಯಾಗಬಹುದಾದವರ ಬಳಗ ದೊಡ್ಡದು. ಯಾರು ದೇವರಿಗೆ ಕೈಮುಗಿಯುತ್ತಾರೆ, ಯಾರು ಹೆಚ್ಚು ದುಡಿಯುತ್ತಾರೆ ಎಂಬುವನ್ನು ಈ ಪಟ್ಟಿಗೆ ಸೇರಿಸಲಿಲ್ಲ. ಮೃತ ದಾನಿಗಳ ಕಿಡ್ನಿ ಹಂಚುವಾಗಲೂ ಡಯಾಲಿಸಿಸ್‌ನಲ್ಲಿ ಕಳೆದ ಕಾಲ, ರಕ್ತನಾಳದ ದಾರಿ ಸೋತಿರುವುದು ಇಂಥವಕ್ಕೆ ಅಂಕವಿದೆಯೇ ಹೊರತು ಭಕ್ತಿಗೂ ನಾಸ್ತಿಕತೆಗೂ ಇಲ್ಲ. ಹಿಂದೆ ಕಿಡ್ನಿ ದಾನ ಮಾಡಿದವರಿಗೇ ಮುಂದೆ ಕಿಡ್ನಿ ಬೇಕಾದರೆ ಮೃತ ದಾನಿಗಳ ಕಿಡ್ನಿಗೆ ಕಾಯುವವರ ಪಟ್ಟಿಯಲ್ಲಿ ಹೆಚ್ಚುವರಿ ಅಂಕ ಸಿಗುತ್ತದೆ. ಇದನ್ನು ಕೇಳಿ ತಾಯಿಗಿಂತ ಮಗಳಿಗೆ ಸಮಾಧಾನವಾಯಿತು.

ತಿಥಿಯ ಷರತ್ತು ಬೇಡ ಎಂದು ನೇರವಾಗಿಯೇ ಹೇಳಲಾಯಿತು. ಕಿಡ್ನಿಗೆ ಹಣ ಪಡೆಯುವುದು ಅಪರಾಧ. ಮಾತು ಪಡೆಯುವುದು ಕಾನೂನಿಗೆ ಸಿಕ್ಕದು, ಆದರೆ ಮನೆಯೊಳಗೆ ಅದು ತೀರದ ಸಾಲ. ಕಸಿಯಾದ ಕಿಡ್ನಿ ಎಷ್ಟೋ ಸಲ ಹದಿನೈದು ವರ್ಷ ಮೀರಿಯೂ ಕೆಲಸ ಮಾಡುತ್ತದೆ. ಅಷ್ಟೂ ವರ್ಷ ಪ್ರತಿ ತಿಥಿಯ ದಿನ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಬೇಕಾಗುತ್ತದೆ. ತನ್ನ ಕರ್ಮ ಯಾರು ಮಾಡಬೇಕು ಎಂಬುದನ್ನು ತಾಯಿ ಪುರೋಹಿತರೊಡನೆ ಬೇರೆಯಾಗಿ ಮಾತಾಡಲಿ, ಆಪರೇಷನ್ನಿಗೆ ಅದನ್ನು ಗಂಟುಹಾಕುವುದು ಬೇಡ.

ಮಗನಿಗೆ: ಅಮ್ಮ ಯಾವ ನಂಬಿಕೆಯಿಂದ ಕೊಟ್ಟರೂ ಕಿಡ್ನಿ ಒಂದೇ. “ದೇವರ ಹೆಸರಲ್ಲಿ ಬಂದರೆ ಬೇಡ” ಎನ್ನುವುದು ವೈಚಾರಿಕತೆಯಂತೆ ಕಂಡರೂ ತಾಯಿಯ ಕೊರಳಿಗೆ ಹಾಕುವ ಇನ್ನೊಂದು ಷರತ್ತು. ಆ ಹಾಳೆಯನ್ನು ಅಮ್ಮನಿಗೆ ತೋರಿಸಬೇಡಿ.

ಮಗಳಿಗೆ: ತಮ್ಮನ ನಾಸ್ತಿಕತೆಗೆ ಶಿಕ್ಷೆ ಕೊಡುವ ಅಧಿಕಾರ ಕಿಡ್ನಿಯ ಸಾಲಿನಲ್ಲಿ ಯಾರಿಗೂ ಇಲ್ಲ. ಜೊತೆಗೆ ಈಗಲೇ ಆಗಬೇಕಾದ ಕೆಲಸದ ಮಾತು: ಎಡಗೈಯಲ್ಲಿ ಈಗಲೇ ಫಿಸ್ಟುಲಾ ಮಾಡಿಸಿಕೊಳ್ಳಿ, ಅದು ಬಲಿಯಲು ವಾರಗಟ್ಟಲೆ ಬೇಕು, ಆ ಕೈಯಿಂದ ರಕ್ತ ತೆಗೆಯಲು, ಬಿಪಿ ನೋಡಲು ಬಿಡಬೇಡಿ. ತಮ್ಮನಿಗೆ ಆದದ್ದು ನಿಮಗೆ ಆಗದಿರಲಿ.

ಅಳಿಯನನ್ನು ಬೇರೆಯಾಗಿ, ಅವರ ತಾಯಿ ಇಲ್ಲದಾಗ ಕರೆದು ಮಾತಾಡಲಾಯಿತು. ಒತ್ತಾಯ ಅವರ ಮೇಲೂ ಕೂಡದು. ಅತ್ತೆಗೆ ಇದ್ದ ಬಾಗಿಲು ಅವರಿಗೂ ಇದೆ. ರಕ್ತದ ಗುಂಪು ಓ ಎಂದು ತಿಳಿದದ್ದು ಅವತ್ತು.

ಸೊಸೆಯ ಮಾತನ್ನು ಚಿಕ್ಕದಾಗಿಯೇ ಹೇಳಬೇಕು. ಆಕೆಯದು ಎ ಗುಂಪು, ಗಂಡನಿಗೆ ನೇರ ಹೊಂದದು. ಇಂಥ ದಂಪತಿಗೆ 2011ರ ತಿದ್ದುಪಡಿ ಅದಲುಬದಲು ದಾನದ ದಾರಿ ತೆರೆದಿದೆ: ಗಂಡನಿಗೆ ಹೊಂದುವ ಬಿ ದಾನಿ ಇರುವ, ಎ ಕಿಡ್ನಿ ಬೇಕಿರುವ ಇನ್ನೊಂದು ಜೋಡಿ ಸಿಕ್ಕರೆ ಪರಸ್ಪರ ಕೊಡಬಹುದು. ಅದಕ್ಕಿಂತ ಸುಲಭವೆಂದು ಬಂಧುಗಳೊಬ್ಬರು ಸೂಚಿಸಿದ್ದು, ತಾಯಿಯ ಕಿಡ್ನಿ ಮಗನಿಗೆ, ಸೊಸೆಯ ಕಿಡ್ನಿ ನಾದಿನಿಗೆ. ಕಾಗದದ ಮೇಲೆ ಇಬ್ಬರೂ ಉಳಿದರು! ಆದರೆ ನಾದಿನಿ ಕಾನೂನಿನ ಹತ್ತಿರದ ಸಂಬಂಧಿಗಳ ಪಟ್ಟಿಯಲ್ಲಿಲ್ಲ. ಅನುಮೋದನಾ ಸಮಿತಿಯ ಮುಂದೆ ಹೋಗಬೇಕು. ಅದಕ್ಕೂ ಮೊದಲು, ಹೊಂದುವ ಗಂಡ ಇರುವಾಗ ಸಣ್ಣ ಮಗುವಿರುವ ಸೊಸೆಯನ್ನು ಕೇಳುವುದೇಕೆ ಎಂಬ ಪ್ರಶ್ನೆ ಇದೆ. ಆಕೆ ದಾನಿಯಾಗಲಿಲ್ಲ. ಕಾರಣ ಆಕೆಯದು.

ಈಗಿನ ಸ್ಥಿತಿ

ತಾಯಿ ಎರಡು ವಾರ ತೆಗೆದುಕೊಂಡು, ಮಗನಿಗೆ ಕೊಡುವುದಾಗಿ ಬಂದು ಹೇಳಿದರು. ಮತ್ತೆ ಹೂ ಕೇಳಿದರೋ ಇಲ್ಲವೋ ಎಂದು ನಾವು ವಿಚಾರಿಸಲಿಲ್ಲ. ಮಗ ತಿಥಿಯ ಬಗ್ಗೆ ಯಾವ ಮಾತನ್ನೂ ಕೊಟ್ಟಿಲ್ಲ, ತಾಯಿ ಕೇಳಿಯೂ ಇಲ್ಲ. ಕಿಡ್ನಿಯನ್ನು ಲ್ಯಾಪ್ರೋಸ್ಕೋಪಿಯಲ್ಲಿ (ಸಣ್ಣ ರಂಧ್ರಗಳ ಮೂಲಕ) ತೆಗೆದದ್ದರಿಂದ ತಾಯಿ ಐದನೇ ದಿನ ಮನೆಗೆ ಹೋದರು. ಆರು ವಾರ ಕೊಡ ಎತ್ತುವಂತಿಲ್ಲ, ನೋವಿಗೆ ಬ್ರೂಫೆನ್ ಜಾತಿಯ ಮಾತ್ರೆ ನುಂಗುವಂತಿಲ್ಲ, ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ನೋಡಿಸಬೇಕು. ದಾನ ಮಾಡಿದವರು ಈ ವಾರ್ಷಿಕ ತಪಾಸಣೆಯನ್ನು ಬಿಟ್ಟುಬಿಡುವುದೇ ಹೆಚ್ಚು. ಎಲ್ಲರ ಗಮನವೂ ಕಿಡ್ನಿ ಪಡೆದವರ ಮೇಲಿರುತ್ತದೆ.

ಮಗಳ ಫಿಸ್ಟುಲಾ ಕೆಲಸ ಮಾಡುತ್ತಿದೆ, ಇನ್ನೂ ಚುಚ್ಚುವ ಅಗತ್ಯ ಬಿದ್ದಿಲ್ಲ. ಅಳಿಯನ ಸಕ್ಕರೆ ಪರೀಕ್ಷೆ ಸರಿಯಿದೆ, ಡಿಟಿಪಿಎ ಆಗಿದೆ, ಸಿಟಿ ಆಂಜಿಯೋ ಬಾಕಿ. ಅಕ್ಕ ತಮ್ಮ ಇನ್ನೂ ಮಾತು ಬಿಟ್ಟಿದ್ದಾರೆ. ಅದಕ್ಕೆ ಅವರಿಬ್ಬರನ್ನೂ ಬೇರೆ ಸಲಹೆಗಾರರ ಬಳಿ ಕಳಿಸಲಾಗಿದೆ.