ಹಿಮೋಗ್ಲೋಬಿನ್ ನಾರ್ಮಲ್, ಆದರೂ ಮೈಯಲ್ಲಿ ತ್ರಾಣವಿಲ್ಲ

ಪ್ರಶ್ನೆ: ನನಗೆ 38 ವರ್ಷ. ಡೊಂಬಿವಲಿಯಿಂದ ಮುಂಬಯಿಯ ಫೋರ್ಟಿಗೆ ದಿನಾ ಲೋಕಲ್ ರೈಲಿನಲ್ಲಿ ಹೋಗಿಬರುತ್ತೇನೆ. ಒಂದು ವರ್ಷದಿಂದ ವಿಪರೀತ ಸುಸ್ತು. ಸ್ಟೇಷನ್ ಬ್ರಿಜ್ ಹತ್ತಿದರೆ ಏದುಸಿರು, ರಾತ್ರಿ ಕಾಲು ಸುಮ್ಮನಿರುವುದಿಲ್ಲ, ಕೂದಲೂ ಉದುರುತ್ತಿದೆ. ಹಿಮೋಗ್ಲೋಬಿನ್ 12.2, ಫೆರಿಟಿನ್ 9, ಥೈರಾಯ್ಡ್ ನಾರ್ಮಲ್. ‘ರಕ್ತಹೀನತೆ ಇಲ್ಲ, ಟೆನ್ಷನ್ ಬಿಡಿ’ ಎಂದರು ಡಾಕ್ಟರು. ನಾನೇ ಕಬ್ಬಿಣದ ಮಾತ್ರೆ ತಂದು ತಿಂಡಿ, ಚಹಾ ಆದಮೇಲೆ ಕ್ಯಾಲ್ಸಿಯಂ ಜೊತೆ ನುಂಗಿದೆ. ಮಲಬದ್ಧತೆಯಾಗಿ ಬಿಟ್ಟೆ. ಅತ್ತೆ ಬೀಟ್‌ರೂಟ್ ರಸ ಕೊಡುತ್ತಿದ್ದಾರೆ. ಕಬ್ಬಿಣದ ಡ್ರಿಪ್ ಹಾಕಿಸಿಕೊಳ್ಳಲೇ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ನಿಮ್ಮ ರಿಪೋರ್ಟಿನಲ್ಲಿ ನೋಡಬೇಕಾದ ಅಂಕಿ 12.2 ಅಲ್ಲ, 9. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ, ಅದು ನಿಮಗಿಲ್ಲ ನಿಜ. ಆದರೆ ಫೆರಿಟಿನ್ ಎಂದರೆ ಮೈಯೊಳಗಿನ ಕಬ್ಬಿಣದ ದಾಸ್ತಾನಿನ ಲೆಕ್ಕ. ಅದು 15ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕೊರತೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ತಟ್ಟೆಯಲ್ಲಿ ಅನ್ನವಿದೆ, ಕಣಜ ಮಾತ್ರ ಖಾಲಿ. ಕಬ್ಬಿಣ ಬೇಕಿರುವುದು ರಕ್ತಕ್ಕಷ್ಟೇ ಅಲ್ಲ, ಸ್ನಾಯು ಮತ್ತು ಮಿದುಳಿಗೂ ಬೇಕು. ರಾತ್ರಿ ಕಾಲು ಚಡಪಡಿಸುವುದಕ್ಕೂ ಇದಕ್ಕೂ ನಂಟಿದೆ.

2012ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದರಲ್ಲಿ, ರಕ್ತಹೀನತೆಯಿಲ್ಲದ ಆದರೆ ಫೆರಿಟಿನ್ 50ಕ್ಕಿಂತ ಕಡಿಮೆಯಿದ್ದ 198 ಸುಸ್ತಾದ ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ 12 ವಾರ ಕಬ್ಬಿಣ ಕೊಟ್ಟರು. ಸುಸ್ತಿನ ಅಂಕ ಸುಮಾರು ಶೇ 48 ಇಳಿಯಿತು. ಉಳಿದವರು ನುಂಗಿದ್ದು ಬರೀ ಹುಸಿ ಮಾತ್ರೆ. ಅವರಲ್ಲೂ ಶೇ 29 ಇಳಿಯಿತು! ಹಾಗಾಗಿ ಕಬ್ಬಿಣದಿಂದ ಉಪಯೋಗವಿದೆ, ಪವಾಡವಿಲ್ಲ.

ಮಾತ್ರೆಯ ವಿಷಯಕ್ಕೆ ಬರೋಣ. ಚಹಾದ ಒಗರು, ಕ್ಯಾಲ್ಸಿಯಂ ಎರಡೂ ಕಬ್ಬಿಣವನ್ನು ಕರುಳಲ್ಲೇ ತಡೆಯುತ್ತವೆ. ನೀವು ನುಂಗಿದ್ದರಲ್ಲಿ ಬಹುಪಾಲು ಮೈಗೆ ಹತ್ತದೆ, ಹೊಟ್ಟೆ ಕೆಡಿಸಿ ಹೊರಗೆ ಹೋಗಿದೆ. ಇನ್ನೊಂದು ಸಂಗತಿ: ಒಮ್ಮೆ ಮಾತ್ರೆ ತೆಗೆದುಕೊಂಡರೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ, ಸುಮಾರು ಒಂದು ದಿನ ಮುಂದಿನ ಕಬ್ಬಿಣವನ್ನು ಸರಿಯಾಗಿ ಒಳಗೆ ಬಿಡುವುದಿಲ್ಲ. ಅದಕ್ಕೇ ಈಗ ಅನೇಕರಿಗೆ ದಿನ ಬಿಟ್ಟು ದಿನ ಒಂದು ಮಾತ್ರೆ ಬರೆಯುತ್ತೇವೆ, ಹೊಟ್ಟೆಗೂ ಹಿತ. ಖಾಲಿ ಹೊಟ್ಟೆಯಲ್ಲಿ, ನಿಂಬೆ ಶರಬತ್ತಿನ ಜೊತೆ ನುಂಗಿ. ಕಟಿಂಗ್ ಚಹಾ ಒಂದೆರಡು ತಾಸು ಬಿಟ್ಟು ಕುಡಿಯಿರಿ. ಕ್ಯಾಲ್ಸಿಯಂ ರಾತ್ರಿಗೆ ಇರಲಿ. ಮಲ ಕಪ್ಪಾದರೆ ಗಾಬರಿ ಬೇಡ. ಪ್ರಮಾಣ ಮಾತ್ರ ಡಾಕ್ಟರನ್ನೇ ಕೇಳಿ. ದಾಸ್ತಾನು ತುಂಬಲು ತಿಂಗಳುಗಳೇ ಬೇಕು, ನಾಲ್ಕು ದಿನಕ್ಕೆ ಬಿಟ್ಟರೆ ಏನೂ ಆಗದು.

ಬೀಟ್‌ರೂಟ್ ಕೆಂಪಗಿದೆ ಅಷ್ಟೆ. ನೂರು ಗ್ರಾಮಿಗೆ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ನಿಮಗೆ ದಿನಕ್ಕೆ 29 ಮಿಲಿಗ್ರಾಂ ಬೇಕೆನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ಅತ್ತೆಯವರ ಅಕ್ಕರೆಗೆ ಬೇಡ ಎನ್ನಬೇಡಿ, ಜೊತೆಗೆ ಮಟಕಿ (ಮಡಕೆ ಕಾಳು) ಉಸಳಿಗೆ ನಿಂಬೆ ಹಿಂಡಿಕೊಳ್ಳಿ, ಅಳೀವ್ (ಆಳ್ವಿ ಬೀಜ) ಲಾಡು ತಿನ್ನಿ. ಇಷ್ಟು ಖಾಲಿಯಾದ ಮೇಲೆ ಊಟವೊಂದರಿಂದಲೇ ತುಂಬುವುದು ಕಷ್ಟ.

ಡ್ರಿಪ್ ಈಗಲೇ ಬೇಡ. ಮಾತ್ರೆ ಒಗ್ಗದಿದ್ದರೆ, ಮೈಗೆ ಹತ್ತದಿದ್ದರೆ ಅಥವಾ ಮಾತ್ರೆಯಿಂದ ಸಿಗುವ ಕಬ್ಬಿಣಕ್ಕಿಂತ ರಕ್ತಸ್ರಾವದಲ್ಲಿ ಹೋಗುವುದೇ ಹೆಚ್ಚಾಗಿದ್ದರೆ ಆಸ್ಪತ್ರೆಯಲ್ಲಿ ಹಾಕಿಸಬಹುದು. ಅಪರೂಪಕ್ಕೆ ತೀವ್ರ ಅಲರ್ಜಿ ಆಗುವುದರಿಂದ ಮನೆಯಲ್ಲಿ ಬೇಡವೇ ಬೇಡ.

ನೀವು ಬರೆಯದೇ ಬಿಟ್ಟಿದ್ದು ಮುಟ್ಟಿನ ವಿಷಯ. ಎರಡು ತಾಸಿಗೊಮ್ಮೆ ಪ್ಯಾಡ್ ಬದಲಿಸುವಷ್ಟು ಸ್ರಾವ, ಗಡ್ಡೆಗಟ್ಟುವುದು ಇದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಸೋರುವುದು ನಿಲ್ಲದೆ ಎಷ್ಟು ತುಂಬಿದರೂ ವ್ಯರ್ಥ. (ಗಂಡಸರಲ್ಲಿ, ಮುಟ್ಟು ನಿಂತವರಲ್ಲಿ ಫೆರಿಟಿನ್ ಹೀಗೆ ಇಳಿದರೆ ಹೊಟ್ಟೆ, ಕರುಳಿನ ತಪಾಸಣೆ ಆಗಲೇಬೇಕು.)

ಮೂರು ತಿಂಗಳಿಗೆ ಫೆರಿಟಿನ್ ಮತ್ತೆ ನೋಡಿಸಿ, ಆದರೆ ಜ್ವರ ಬಂದ ಹೊತ್ತಿನಲ್ಲಿ ಬೇಡ, ಆಗ ಸುಳ್ಳೇ ಏರಿರುತ್ತದೆ. ಅದು ಏರಿಯೂ ಸುಸ್ತು ಹೋಗದಿದ್ದರೆ ಬಿ12, ಸಕ್ಕರೆ, ನಿದ್ದೆ, ಮನಸ್ಸು ಇವನ್ನೆಲ್ಲ ನೋಡಬೇಕಾಗುತ್ತದೆ. ಮಾತ್ರೆ ಇಮ್ಮಡಿ ಮಾಡಲು ಹೋಗಬೇಡಿ.